ಭಾರ ಕೊಡಿ, ಕಾಲು ಬಿಡಿ

ಜೋಡಿಗಳು ಉದ್ದ ಸಾಲಿನಲ್ಲಿ ಸರಿಯುತ್ತ ಒಬ್ಬರಾದ ಮೇಲೊಬ್ಬರೊಡನೆ ಕುಣಿಯುವ ನಮ್ಮ ಕಾಂಟ್ರಾ ಕುಣಿತದ ಪಾಠಕ್ಕೆ ಮೊನ್ನೆ ಬಂದಿದ್ದ ಒಬ್ಬಾಕೆ ನೆಲ ನೋಡುವುದನ್ನು ಬಿಟ್ಟು ತಲೆ ಎತ್ತಿದ್ದೇ ತಡ, ಇಬ್ಬರೂ ಹಿಡಿದುಕೊಂಡು ಸುತ್ತುವ ಸ್ವಿಂಗ್ ಒಲಿದುಬಿಟ್ಟಿತು. ಹೆಜ್ಜೆ ಇನ್ನೂ ಎಲ್ಲೆಲ್ಲೋ ಬೀಳುತ್ತಿತ್ತು, ಜೋಡಿ ಮಾತ್ರ ಗಿರ್ರನೆ ತಿರುಗುತ್ತಿತ್ತು. ನನ್ನ ಹಳೆಯ ತಕರಾರಿಗೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿ ನ್ಯೂ ಇಂಗ್ಲೆಂಡಿನಲ್ಲಿ ಹೊಸಬರಿಗೆ ಹೇಳಿಕೊಡುವ ಅನೇಕರು ಬಜ್ ಸ್ಟೆಪ್ಪಿನಿಂದಲೇ ಶುರುಮಾಡುತ್ತಾರೆ: ಬಲಗಾಲು ಊರು, ಎಡಗಾಲಲ್ಲಿ ತಳ್ಳು, ಊರು, ತಳ್ಳು. ಕಲಿಯುವವರು ಪಾಪ, ಕತ್ತು ಬಗ್ಗಿಸಿ ಸ್ವಂತ ಬೂಟುಗಳನ್ನೇ ಕಾಯುತ್ತಾರೆ. ನಾನು ಕಾಲಿನ ಸುದ್ದಿಯನ್ನೇ ಎತ್ತುವುದಿಲ್ಲ. ಮೊದಲು ಬೆನ್ನು. ಜೋಡಿಯಲ್ಲಿ ಎಡಕ್ಕೆ ನಿಲ್ಲುವ ಲಾರ್ಕ್ ಆದವರ ಬಲಗೈ ಬಲಕ್ಕೆ ನಿಲ್ಲುವ ರಾಬಿನ್ ಆದವರ ಬೆನ್ನಿಗೆ ಹೋಗಲಿ, ರಾಬಿನ್ ಆ ಅಂಗೈಗೆ ತುಸು ಒರಗಲಿ. ಇಬ್ಬರೂ ಸಮನಾಗಿ ಹೊರಕ್ಕೆ ವಾಲಿ, ಪ್ರದಕ್ಷಿಣವಾಗಿ ಸುಮ್ಮನೆ ನಡೆಯಲಿ. ಶ್ರಾವಣದಲ್ಲಿ ಫುಗಡಿ ಆಡಿ ಬೆಳೆದ ಬೆಳಗಾವಿ ಕಡೆಯ ಹುಡುಗಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎದುರಿನವಳು ಕೈ ಬಿಡಲಾರಳೆಂದು ನಂಬಿ ಅವರು ಹಿಂದಕ್ಕೆ ವಾಲುತ್ತಾರೆ. ಉಳಿದದ್ದನ್ನು ವೇಗ ನೋಡಿಕೊಳ್ಳುತ್ತದೆ.

ತಲೆಸುತ್ತಿಗೆ ಮದ್ದು ಎದುರಿನವರ ಮುಖ. ಸುತ್ತಲಿನ ಗೋಡೆ ಓಡುತ್ತದೆ, ಮುಖ ಓಡುವುದಿಲ್ಲ. ಅಪರಿಚಿತರ ಕಣ್ಣಲ್ಲಿ ಕಣ್ಣಿಡಲು ನಾಚಿಕೆಯಾದರೆ ಕಿವಿಯನ್ನಾದರೂ ನೋಡಿ ಎನ್ನುತ್ತೇನೆ. ಬಸ್ಸಿನಲ್ಲಿ ಪಕ್ಕದವರ ಕಣ್ಣು ತಪ್ಪಿಸಿ ಕೂರುವ ಜನ ಇಲ್ಲಿ ಒಂದೇ ರಾತ್ರಿಯಲ್ಲಿ ಊರಿನ ಅರ್ಧ ಮುಖಗಳನ್ನು ಇಷ್ಟು ಹತ್ತಿರದಿಂದ ನೋಡಿ ಮನೆಗೆ ಹೋಗುತ್ತಾರೆ. ಕಾಂಟ್ರಾದ ನಿಜವಾದ ಗಮ್ಮತ್ತು ಇದೇ ಇರಬೇಕು.

ಇದನ್ನೆಲ್ಲ ಕೆಡಿಸಲೆಂದೇ ನುರಿತವರು ಕಾದಿರುತ್ತಾರೆ. ಎಂಟು ಎಣಿಕೆಯ ಸ್ವಿಂಗ್, ಅದರಲ್ಲಿ ಕೊನೆಯ ನಾಲ್ಕನ್ನು ಕದ್ದು, ಕೇಳದೆ ಹೇಳದೆ ಹೊಸಬಳ ತೋಳೆತ್ತಿ ಸುತ್ತಿಸುತ್ತಾರೆ. ರಾಬಿನ್ ಬಲಕ್ಕೆ ಬಂದು ನಿಲ್ಲಬೇಕಾದ ಹೊತ್ತಿಗೆ ಆಕೆ ತನ್ನ ಸಾಲು ಯಾವುದೆಂದು ಹುಡುಕುತ್ತಿರುತ್ತಾಳೆ. 64 ಎಣಿಕೆಯ ರಾಗ ಯಾರಿಗೂ ಕಾಯುವುದಿಲ್ಲ; ಮುಂದಿನ ಜೋಡಿಯೂ ಎಡವುತ್ತದೆ. ಕಾಂಟ್ರಾ ಕುಣಿತ ಹೇಳಿಕೊಡುತ್ತಿದ್ದ ಟೆಡ್ ಸನ್ನೆಲ್ಲಾ 1982ರಲ್ಲೇ ‘ಬ್ಯಾಲೆನ್ಸ್ ಅಂಡ್ ಸ್ವಿಂಗ್’ ಎಂದು ಪುಸ್ತಕಕ್ಕೆ ಹೆಸರಿಟ್ಟು ಮೆರೆಸಿದ ಸ್ವಿಂಗ್‌ಗೆ ಇವರ ಒಡವೆ ಬೇರೆ ಬೇಕೆ? ಭುಜ ಉಜ್ಜಿಕೊಳ್ಳುತ್ತ ಹೋದ ಹೊಸಬಳು ಮುಂದಿನ ವಾರ ಬರುವುದಿಲ್ಲ. ಆಗ ಇದೇ ಮಹನೀಯರು ವಿರಾಮದಲ್ಲಿ ಕುಕೀ ಕಡಿಯುತ್ತ, ಈಚೆಗೆ ಹೊಸ ಜನವೇ ಬರುತ್ತಿಲ್ಲವಲ್ಲ ಎಂದು ನನ್ನನ್ನೇ ಕೇಳುತ್ತಾರೆ.