ಮಾಡಿದವರು ಬಿಟ್ಟರೂ ಕೋಡ್ ಉಳಿಯಿತು
ನಮ್ಮವ್ವನ ಕೈಯಲ್ಲಿರುವುದು ಬಟನ್ ಒತ್ತುವ ಜಿಯೋಫೋನ್. ಅದನ್ನು ನಡೆಸುವ ತಂತ್ರಾಂಶ ಕೈಓಎಸ್. ಅದು ಎಲ್ಲಿಂದ ಬಂತು ಗೊತ್ತಾ?

2011ರಲ್ಲಿ ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ ಓಎಸ್ ಕೆಲಸ ಶುರು ಮಾಡಿತು. ಅದರ ಕೋಡ್ ಮೊದಲಿನಿಂದಲೂ ಮುಕ್ತ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅದರ ಮೇಲೆ ಹೊಸದನ್ನು ಕಟ್ಟಬಹುದು. ಆದರೆ ಆ ಫೋನುಗಳು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 2015ರ ಡಿಸೆಂಬರಿನಲ್ಲಿ ಮೊಜಿಲ್ಲಾ ಅವುಗಳನ್ನು ನಿಲ್ಲಿಸುವುದಾಗಿ ಹೇಳಿತು.

ಕೋಡ್ ಬೀಗ ಹಾಕಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆಯವರು ಅದನ್ನೇ ಎತ್ತಿಕೊಂಡು ಕೈಓಎಸ್ ಕಟ್ಟಿದರು. 2017ರಲ್ಲಿ ಬಂದ ಜಿಯೋಫೋನಿಗೆ ಇಟ್ಟ ಠೇವಣಿ 1,500 ರೂಪಾಯಿ. ಹಾಗೆ ಅದು ನಮ್ಮ ಊರುಗಳಿಗೂ ತಲುಪಿತು.

ಅದಕ್ಕೇ ಈಗ ರೈತರಿಗೆಂದು ಯಾರಾದರೂ ಹೊಸ ಆಪ್ ತಂದರೆ, ಸುದ್ದಿ ಬರೆಯುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ನಾಳೆ ನೀವು ಬಿಟ್ಟುಹೋದರೆ ಇದನ್ನು ಇನ್ನೊಬ್ಬರು ನಡೆಸಬಹುದಾ? ನೀವೂ ಕೇಳಿ.