ಕಂಡಷ್ಟನ್ನೇ ನುಡಿದ ಸಾಕ್ಷಿಗಳು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಕಣ್ಣಿಗೆ ಕಂಡದ್ದೆಲ್ಲವೂ ಸತ್ಯವಾಗಿರಲಾರದು. ಕಂಡೆನೆಂದು ಒಬ್ಬನು ಹೇಳಿದ್ದೆಲ್ಲವೂ ಅವನು ನಿಜವಾಗಿ ಕಂಡದ್ದೇ ಆಗಿರಲಾರದು. ಹೀಗಿದ್ದರೂ ಲೋಕದ ಮಹಾಘಟನೆಗಳ ವಿಷಯದಲ್ಲಿ ನಮಗಿರುವ ಅರಿವಿನ ಬಹುಪಾಲು, ಆ ಸ್ಥಳದಲ್ಲಿ ಆ ಹೊತ್ತಿನಲ್ಲಿ ಇದ್ದು, ನೋಡಿ, ಬರೆದಿಟ್ಟ ಕೆಲವರ ಮಾತನ್ನೇ ಆಧರಿಸಿದೆ. ಆದುದರಿಂದ ಒಬ್ಬ ಪ್ರತ್ಯಕ್ಷದರ್ಶಿಯ ಮಾತನ್ನು ನಾವು ಏಕೆ ನಂಬಬೇಕು, ಯಾವ ಗುಣವನ್ನು ಕಂಡು ನಂಬಬೇಕು ಎಂಬುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ನಾನು ವಾಣಿಜ್ಯಶಾಸ್ತ್ರವನ್ನು ಓದಿದವನು, ವೃತ್ತಿಯಿಂದ ವ್ಯಾಪಾರಿ. ನಮ್ಮ ಅಂಗಡಿಗಳಲ್ಲಿ ಕಿರ್ದಿ ಮತ್ತು ಖಾತೆ ಎಂಬ ಎರಡು ಪುಸ್ತಕಗಳಿರುತ್ತವೆ. ಅಂದಿನ ವ್ಯವಹಾರವನ್ನು ಅಂದೇ ಬರೆಯುವುದು ಕಿರ್ದಿ. ಅದನ್ನು ಬಾಬತ್ತುವಾರು ವಿಂಗಡಿಸಿ ಬರೆಯುವುದು ಖಾತೆ. ಖಾತೆ ಎಷ್ಟೇ ಅಂದವಾಗಿದ್ದರೂ ಕಿರ್ದಿಯಲ್ಲಿಲ್ಲದ ಮೊತ್ತ ಅದರಲ್ಲಿ ಕಂಡುಬಂದರೆ ಲೆಕ್ಕ ಪರಿಶೋಧಕನು ಅದನ್ನು ಒಪ್ಪುವುದಿಲ್ಲ. ಇತಿಹಾಸಕಾರರ ಗ್ರಂಥಗಳು ಖಾತೆಯಂತೆ, ಪ್ರತ್ಯಕ್ಷದರ್ಶಿಗಳ ಬರಹಗಳು ಕಿರ್ದಿಯಂತೆ ಎಂದು ನನಗೆ ತೋರುತ್ತದೆ. ಈ ದೃಷ್ಟಿಯಿಂದ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ನೆಲೆಸಿರುವ ಮೂವರು ಸಾಕ್ಷಿಗಳ ಸಂಗತಿಯನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯವರು ಅಮೆರಿಕದ ಯುನೈಟೆಡ್ ಪ್ರೆಸ್ ಸಂಸ್ಥೆಯ ಬಾತ್ಮೀದಾರರಾಗಿದ್ದ ವೆಬ್ ಮಿಲ್ಲರ್. 1930ರ ಮೇ 5ರಂದು ಗಾಂಧೀಜಿಯವರ ಬಂಧನವಾದ ತರುವಾಯ, ಮೇ 21ರಂದು ಗುಜರಾತಿನ ಧಾರಾಸಣದ ಉಪ್ಪಿನ ಆಗರಕ್ಕೆ ಸುಮಾರು 2,500 ಸತ್ಯಾಗ್ರಹಿಗಳು ನಡೆದುಹೋದರು. ಸರೋಜಿನಿ ನಾಯ್ಡು ಅವರು ಮುಂದಾಳುಗಳಾಗಿದ್ದರು. ಗಾಂಧೀಜಿಯವರ ಎರಡನೆಯ ಮಗ ಮಣಿಲಾಲರೂ ಜೊತೆಯಲ್ಲಿದ್ದರು. ಆಗರದ ಸುತ್ತ ನೀರು ತುಂಬಿದ ಹಳ್ಳ, ಮುಳ್ಳುತಂತಿ. ಒಳಗೆ ಉಕ್ಕಿನ ತುದಿಯ ಲಾಠಿಗಳನ್ನು ಹಿಡಿದ ಸುಮಾರು 400 ಮಂದಿ ಪೊಲೀಸರು. ಸಾಲುಸಾಲಾಗಿ ಮುಂದೆ ಬಂದವರ ತಲೆಯ ಮೇಲೆ ಏಟುಗಳು ಬಿದ್ದವು. ಏಟನ್ನು ತಡೆಯುವುದಕ್ಕಾಗಿ ಕೂಡ ಒಬ್ಬರೂ ಕೈಯೆತ್ತಲಿಲ್ಲವೆಂದು ಮಿಲ್ಲರ್ ವರದಿಮಾಡಿದರು. ಅನಂತರ ಅವರು ಗಾಯಾಳುಗಳನ್ನು ಮಲಗಿಸಿದ್ದ ಚಪ್ಪರದ ಆಸ್ಪತ್ರೆಗೆ ಹೋಗಿ ತಾವೇ ಎಣಿಸಿದರು. ಗಾಯಗೊಂಡವರು 320, ಮೃತರಾದವರು ಇಬ್ಬರು. ಅವರ ತಂತಿ ವರದಿಗೆ ಸರ್ಕಾರದ ತಡೆಯುಂಟಾಯಿತಾದರೂ ಕೊನೆಗೆ ಅದು ಹೊರಲೋಕವನ್ನು ಸೇರಿತು. ಆ ಸಂಸ್ಥೆಯಿಂದ ಸುದ್ದಿ ಪಡೆಯುತ್ತಿದ್ದ 1,350 ಪತ್ರಿಕೆಗಳಿಗೆ ತಲುಪಿತು. ಅಮೆರಿಕದ ಸೆನೆಟ್ ಸಭೆಯ ದಾಖಲೆಯಲ್ಲಿಯೂ ಸೇರಿತು.

ಇವು ಹಲವರಿಗೆ ತಿಳಿದ ವಿಷಯಗಳು. ನನ್ನನ್ನು ಹಿಡಿದು ನಿಲ್ಲಿಸಿದುದು ಬೇರೆ ಎರಡು ಸಂಗತಿಗಳು. ಆ ದೃಶ್ಯವನ್ನು ಸಹಿಸಲಾರದೆ ತಾವು ಆಗಾಗ ಮುಖ ತಿರುಗಿಸಿಕೊಳ್ಳಬೇಕಾಯಿತೆಂದು ಮಿಲ್ಲರ್ ಬರೆದಿದ್ದಾರೆ. ಹೊಡೆಯುವವರ ಮೇಲೆ ಮಾತ್ರವಲ್ಲ, ಪ್ರತಿಭಟಿಸದೆ ಹೊಡೆಸಿಕೊಳ್ಳುತ್ತಿದ್ದವರ ಮೇಲೆಯೂ ತಮಗೆ ಹೆಚ್ಚುಕಡಿಮೆ ಅಷ್ಟೇ ರೋಷ ಬಂದಿತೆಂದೂ, ಪಾಶ್ಚಾತ್ಯ ಮನಸ್ಸಿಗೆ ಈ ಅಪ್ರತೀಕಾರವನ್ನು ಗ್ರಹಿಸುವುದು ಕಷ್ಟವೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಗಾಂಧೀಜಿಯವರ ಧ್ಯೇಯದಲ್ಲಿ ಸಹಾನುಭೂತಿಯಿದ್ದವರ ಮಾತಿದು. ಅಹಿಂಸೆಯ ಮಹಿಮೆಯನ್ನು ಹೊಗಳಲು ಹೊರಟ ಲೇಖಕನಾಗಿದ್ದರೆ ಈ ಎರಡು ಸಾಲುಗಳನ್ನು ಬಿಟ್ಟುಬಿಡುತ್ತಿದ್ದನು. ಬಿಡದೆ ಬರೆದುದರಿಂದಲೇ 320 ಎಂಬ ಅವರ ಅಂಕಿಯ ಮೇಲೆ ನನಗೆ ವಿಶ್ವಾಸ ಮೂಡಿತು. ತನಗೆ ಅನಿಸಿದ್ದನ್ನು ಅನಿಸಿಕೆಯೆಂದೂ, ತಾನು ಎಣಿಸಿದ್ದನ್ನು ಎಣಿಕೆಯೆಂದೂ ಬೇರೆಬೇರೆಯಾಗಿ ಇಡುವವನೇ ನಂಬತಕ್ಕ ಸಾಕ್ಷಿ.

ಎರಡನೆಯವರು ಹಿರೋಷಿಮಾ ನಗರದ ಪತ್ರಿಕಾ ಛಾಯಾಗ್ರಾಹಕ ಯೋಷಿಟೊ ಮಾತ್ಸುಶಿಗೆ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಣುಬಾಂಬು ಸಿಡಿದಾಗ ಅವರು ಸ್ಫೋಟಕೇಂದ್ರದಿಂದ ಸುಮಾರು 2.7 ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿದ್ದರು. ಕ್ಯಾಮೆರಾ ಹಿಡಿದು ಹೊರಟ ಅವರು ಮಿಯುಕಿ ಸೇತುವೆಯ ಬಳಿ ಮೈಯೆಲ್ಲ ಸುಟ್ಟ ಜನರ ಗುಂಪನ್ನು ಕಂಡರು. ಅವರಲ್ಲಿ ಶಾಲಾ ಬಾಲಕ ಬಾಲಕಿಯರೂ ಇದ್ದರು. ಬಹಳ ಹೊತ್ತು ಅವರ ಬೆರಳು ಗುಂಡಿಯನ್ನು ಒತ್ತಲಿಲ್ಲ. ಕೊನೆಗೆ ಒತ್ತಿದಾಗ ಕಣ್ಣೀರಿನಿಂದ ಕ್ಯಾಮೆರಾದ ಕಿಂಡಿ ಮಸುಕಾಗಿತ್ತು. ಪ್ರಯಾಣಿಕರೆಲ್ಲ ಸುಟ್ಟು ಸತ್ತಿದ್ದ ಒಂದು ಟ್ರಾಮ್ ಗಾಡಿಯನ್ನು ಅವರು ಕಂಡರು, ಆದರೆ ಅದರ ಚಿತ್ರವನ್ನು ತೆಗೆಯಲಾರದೆ ಹೋದರು. 24 ಚಿತ್ರಗಳಿಗೆ ಸಾಲುವಷ್ಟು ಫಿಲ್ಮು ಇದ್ದರೂ ಆ ದಿನವೆಲ್ಲ ಅವರು ಗುಂಡಿ ಒತ್ತಿದುದು ಏಳು ಸಲ. ಉಳಿದುಬಂದ ಚಿತ್ರಗಳು ಐದು. ಅವುಗಳಲ್ಲಿ ಒಂದರಲ್ಲಿ, ತಲೆಗೆ ಪಟ್ಟಿ ಕಟ್ಟಿಕೊಂಡ ಪೊಲೀಸನೊಬ್ಬನು ಮೇಜಿನ ಮುಂದೆ ಕುಳಿತು ಸಂತ್ರಸ್ತರಿಗೆ ಪ್ರಮಾಣಪತ್ರಗಳನ್ನು ಬರೆದುಕೊಡುತ್ತಿದ್ದಾನೆ. ನಗರವೇ ಭಸ್ಮವಾದ ದಿನದ ಸಂಜೆಯಲ್ಲಿಯೂ ಒಬ್ಬನು ತನ್ನ ಪಾಲಿನ ಬರಹದ ಕೆಲಸವನ್ನು ಬಿಡಲಿಲ್ಲ.

ಆ ದಿನ ಹಿರೋಷಿಮಾದ ನೆಲದ ಮೇಲೆ ಮನುಷ್ಯರು ಪಟ್ಟ ಪಾಡಿಗೆ ಚಿತ್ರಸಾಕ್ಷ್ಯವೆಂದರೆ ಮುಖ್ಯವಾಗಿ ಈ ಐದು ಚಿತ್ರಗಳೇ. ಅಮೆರಿಕದ ಸೈನಿಕಾಡಳಿತ ಕೊನೆಗೊಂಡ 1952ರಲ್ಲಿ ಲೈಫ್ ಪತ್ರಿಕೆಯ ಮೂಲಕ ಅವು ಲೋಕಕ್ಕೆ ವ್ಯಾಪಕವಾಗಿ ಪರಿಚಿತವಾದವು. ಹೆಚ್ಚು ಚಿತ್ರಗಳನ್ನು ತೆಗೆಯಬೇಕಾಗಿತ್ತೆಂದು ಇತಿಹಾಸಾಭ್ಯಾಸಿಗಳು ಹೇಳಬಹುದು. ನನಗಾದರೋ ತೆಗೆಯದೆ ಉಳಿದ ಆ ಹದಿನೇಳು ಚಿತ್ರಗಳೂ ಸಾಕ್ಷ್ಯವೇ ಎಂದು ತೋರುತ್ತದೆ. ಕಂಡವನ ಹೃದಯ ಎಲ್ಲಿ ನಿಂತುಹೋಯಿತೆಂಬುದನ್ನು ಅವು ಹೇಳುತ್ತವೆ.

ಮೂರನೆಯವರು ಅದೇ ನಗರದ ವೈದ್ಯ ಮಿಚಿಹಿಕೊ ಹಚಿಯಾ. ತಾವೇ ತೀವ್ರವಾಗಿ ಗಾಯಗೊಂಡು, ತಾವು ಮುಖ್ಯಸ್ಥರಾಗಿದ್ದ ಆಸ್ಪತ್ರೆಯಲ್ಲಿಯೇ ರೋಗಿಯಾಗಿ ಮಲಗಿ, ಆಗಸ್ಟ್ 6ರಿಂದ ಸೆಪ್ಟೆಂಬರ್ 30ರವರೆಗಿನ ದಿನಗಳ ದಿನಚರಿಯನ್ನು ಬರೆದರು. 1955ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡದ್ದು ಬೇರೆ, ಕೇಳಿದ್ದು ಬೇರೆ. ಬಾಂಬು ಬಿದ್ದ ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಒಂದು ಸುದ್ದಿ ಬಂದಿತು: ಜಪಾನಿನ ಬಳಿಯೂ ಅದೇ ಅಸ್ತ್ರವಿದೆ, ಅದನ್ನು ಅಮೆರಿಕದ ನಗರಗಳ ಮೇಲೆ ಪ್ರಯೋಗಿಸಲಾಗಿದೆ ಎಂದು. ಸುದ್ದಿ ಸುಳ್ಳು. ಆದರೆ ಅದನ್ನು ಕೇಳಿ ರೋಗಿಗಳೆಲ್ಲ ಹರ್ಷಗೊಂಡರು. ಹೆಚ್ಚು ನೊಂದವರಿಗೇ ಹೆಚ್ಚು ಸಂತೋಷವಾಯಿತು. ಹಚಿಯಾ ಅವರು ಇದನ್ನು ಮರೆಮಾಚದೆ ಬರೆದಿಟ್ಟರು. ತನ್ನವರ ನೋವಿನ ಪಕ್ಕದಲ್ಲಿಯೇ ತನ್ನವರ ಪ್ರತೀಕಾರಬುದ್ಧಿಯನ್ನೂ ದಾಖಲಿಸುವುದು ಸುಲಭವಲ್ಲ. ವದಂತಿಯನ್ನು ವದಂತಿಯೆಂದೇ ಬರೆದುದರಿಂದ, ಸುಳ್ಳು ಸುದ್ದಿ ಕೂಡ ಅಲ್ಲಿ ಮನುಷ್ಯಸ್ವಭಾವದ ವಿಷಯದಲ್ಲಿ ಒಂದು ಸತ್ಯವನ್ನು ತಿಳಿಸುವಂತಾಯಿತು.

ಈ ಮೂವರನ್ನು ನಾನು ಆದರದಿಂದ ಕಾಣುವುದಕ್ಕೆ ಸ್ವಂತ ಕಾರಣವೊಂದಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮೂರ ಮಂಡಿಪೇಟೆಯಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಗೂ ಗೋಡೆಗೂ ನಡುವೆ ಸಿಕ್ಕಿ ಹಮಾಲನೊಬ್ಬನು ತೀರಿಕೊಂಡನು. ಹತ್ತಿರವಿದ್ದು ಕಂಡವನು ನಾನೊಬ್ಬನೇ. ಲಾರಿಯ ಮಾಲೀಕರು ನನ್ನೊಡನೆ ದೊಡ್ಡ ವ್ಯವಹಾರವುಳ್ಳವರು. ಹಮಾಲನು ಕುಡಿದಿದ್ದನೆಂದು ಹೇಳಬೇಕೆಂದು ಅವರು ಹೇಳಿಕಳುಹಿಸಿದರು. ಮೃತನ ಅಣ್ಣನು ಬಂದು, ಚಾಲಕನು ಹಾರನ್ ಬಾರಿಸಲೇ ಇಲ್ಲವೆಂದು ಹೇಳಿರೆಂದು ಕಣ್ಣೀರಿಟ್ಟನು. ಮೃತನಿಗೆ ಇಬ್ಬರು ಚಿಕ್ಕ ಮಕ್ಕಳಿದ್ದರು. ಮನಸ್ಸೇನೋ ಅಣ್ಣನ ಕಡೆಗೇ ಒಲಿದಿತ್ತು.

ನಾನು ನ್ಯಾಯಾಲಯದಲ್ಲಿ ಹೇಳಿದುದು ಇಷ್ಟು: ಹಮಾಲನು ಲಾರಿಗೆ ಬೆನ್ನು ಮಾಡಿ ಬಗ್ಗಿ ಚೀಲದ ಬಾಯಿ ಹೊಲಿಯುತ್ತಿದ್ದನು, ಹಿಂದೆ ನಿಂತು ಚಾಲಕನಿಗೆ ದಾರಿ ತೋರುವವರು ಯಾರೂ ಇರಲಿಲ್ಲ, ಅವನು ಕುಡಿದಿದ್ದನೆಂಬುದಕ್ಕೆ ನಾನು ಕಂಡ ಗುರುತು ಯಾವುದೂ ಇಲ್ಲ, ತೂಕದ ಗದ್ದಲದಲ್ಲಿ ಹಾರನ್ ಆಯಿತೋ ಇಲ್ಲವೋ ನನಗೆ ತಿಳಿಯದು. ಲಾರಿ ತಾಗಿದ ಕ್ಷಣದಲ್ಲಿ ಏನು ಕಂಡಿರೆಂದು ವಕೀಲರು ಕೇಳಿದಾಗ, ಆ ಕ್ಷಣ ನಾನು ಕಣ್ಣು ಮುಚ್ಚಿಕೊಂಡಿದ್ದೆನೆಂದು ಹೇಳಿದೆನು. ಹಾಗಾದರೆ ನೀವು ಎಂಥ ಸಾಕ್ಷಿ ಎಂದು ಅವರು ನಕ್ಕರು. ಮೃತನ ಕುಟುಂಬಕ್ಕೆ ಪರಿಹಾರವೇನೋ ದೊರೆಯಿತು. ದಾರಿ ತೋರುವವರಿರಲಿಲ್ಲವೆಂಬ ನನ್ನ ಮಾತನ್ನು ತೀರ್ಪಿನಲ್ಲಿ ಗಣನೆಗೆ ತೆಗೆದುಕೊಂಡಿದ್ದರು. ಆದರೆ ಮಾಲೀಕರು ಮೂರು ವರ್ಷ ನಮ್ಮ ಅಂಗಡಿಯ ಕಡೆ ಸುಳಿಯಲಿಲ್ಲ. ಆ ಅಣ್ಣನು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಮೊದಲನೆಯದು ಹಣದ ನಷ್ಟ, ಅದು ತುಂಬಿಬಂದಿತು. ಎರಡನೆಯದು ಹಾಗೆಯೇ ಉಳಿದಿದೆ. ಮಿಲ್ಲರ್ ಮುಖ ತಿರುಗಿಸಿಕೊಂಡ ಸಂಗತಿಯನ್ನು ಹಲವು ವರ್ಷಗಳ ತರುವಾಯ ಓದಿದಾಗ ನನಗೆ ಸಮಾಧಾನವಾಯಿತು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ನಮ್ಮ ಆಚಾರ್ಯರು ಎಣಿಸಿದ್ದಾರೆ. ಅದನ್ನು ಸ್ವಾರ್ಥಕ್ಕಾಗಿ ಮಾಡುವ ಮೋಸವೆಂದು ಮಾತ್ರ ತಿಳಿಯುವುದು ವಾಡಿಕೆ. ಕರುಣೆಯಿಂದ ಒಂದು ಮಾತು ಹೆಚ್ಚಿಗೆ ಸೇರಿಸುವುದರಲ್ಲಿಯೂ ಅದೇ ಅಪಾಯವಿದೆ. ಸೇರಿಸಿದ ಒಂದು ಮಾತು ಸುಳ್ಳೆಂದು ಗೊತ್ತಾದರೆ ನಿಜವಾದ ಹತ್ತು ಮಾತುಗಳೂ ಅದರೊಡನೆ ಬಿದ್ದುಹೋಗುತ್ತವೆ. ಆಗ ಹಾನಿ ತಟ್ಟುವುದು ನಾವು ಯಾರಿಗೆ ಕರುಣೆ ತೋರಿಸಹೊರಟೆವೋ ಅವರಿಗೇ.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಎಲ್ಲಿಯೋ ನಡೆದ ಗಲಭೆಯ ಚಿತ್ರ ಕ್ಷಣಾರ್ಧದಲ್ಲಿ ನಮ್ಮ ಮೊಬೈಲಿಗೆ ಬರುತ್ತದೆ. ತೆಗೆದವರಾರು, ಎಂದು, ಎಲ್ಲಿ ಎಂದು ವಿಚಾರಿಸದೆ ನಾವು ಮತ್ತೊಬ್ಬರಿಗೆ ಕಳುಹಿಸುತ್ತೇವೆ. ವೋಚರು ಇಲ್ಲದ ರಕಮನ್ನು ಕಿರ್ದಿಗೆ ಬರೆಯಲು ಒಪ್ಪದ ವ್ಯಾಪಾರಿಯೂ ಈ ವಿಷಯದಲ್ಲಿ ಉದಾರಿಯಾಗುತ್ತಾನೆ. ಕಳುಹಿಸುವ ಮೊದಲು ಇದು ನಾನು ಕಂಡದ್ದೇ, ಕೇಳಿದ್ದೇ, ಅಥವಾ ಹೀಗಿರಲೆಂದು ಬಯಸಿದ್ದೇ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸವನ್ನು ನಮ್ಮ ಮನೆಯ ಮಕ್ಕಳಿಗೆ ಕಲಿಸಿದರೆ ಸಾಕು. ಅಂಕಗಣಿತದಷ್ಟೇ ಅದೂ ಅವರ ಬಾಳಿಗೆ ಉಪಯುಕ್ತವಾದೀತು.