ನೂರಿಪ್ಪತ್ತೆಂಟು ಸಂಖ್ಯೆಗಳು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓದಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಕಣ್ಣಿಗೆ ಬಿದ್ದರೆ ತನ್ನ ವಿಷಯವೆಂದು ಅವನಿಗೇ ತಿಳಿಯುತ್ತದೆ.

1984-85ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಕಂಪ್ಯೂಟರುಗಳನ್ನು ಕೊಡಲಾರಂಭಿಸಿತು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ‘ಬಿಬಿಸಿ ಮೈಕ್ರೋ’ ಯಂತ್ರಗಳು ಅವು. ಅಲ್ಲಿ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಬಳಕೆಯಲ್ಲಿದ್ದವು. ಕೆಲವು ವರ್ಷಗಳ ಬಳಿಕ ಮೈಸೂರಿನ ನಮ್ಮ ಶಾಲೆಗೂ ಬಂದವು. ಗಣಿತದ ಮೇಷ್ಟ್ರು ಎಂಬ ಒಂದೇ ಅರ್ಹತೆಯ ಮೇಲೆ ಉಸ್ತುವಾರಿ ನನ್ನ ಪಾಲಿಗೆ ಬಂತು. ದೇವರ ಮನೆಯಂತೆ ಆ ಕೋಣೆಯ ಹೊರಗೆ ಚಪ್ಪಲಿ ಬಿಡಿಸುತ್ತಿದ್ದೆವು. ಯಂತ್ರದ ಮೆಮೊರಿ 32 ಕಿಲೋಬೈಟ್. ನೀವು ದಿನವೂ ಬೆಳಿಗ್ಗೆ ನನಗೆ ಕಳಿಸುವ ಶುಭೋದಯದ ಚಿತ್ರವೊಂದೂ ಅದರಲ್ಲಿ ಹಿಡಿಸದು!

ಜೊತೆಗೆ ಬಂದ ಪಾಠಗಳೆಲ್ಲ ಇಂಗ್ಲಿಷಿನವು. ಒಂಬತ್ತನೆಯ ತರಗತಿಯ ಈ ಹುಡುಗ ಒಂದು ಸಂಜೆ, “ಸಾರ್, ಇದರಲ್ಲಿ ಕನ್ನಡ ಬರಲ್ವಾ?” ಎಂದ. ಬರುವುದಿಲ್ಲ ಎಂದೆ. ಮರುದಿನ ಕೈಪಿಡಿಯ ಪುಟವೊಂದನ್ನು ತೆರೆದು ನನ್ನ ಮುಂದಿಟ್ಟ. ‘ವಿಡಿಯು 23’ ಎಂಬ ಆಜ್ಞೆಯಿಂದ ಎಂಟಕ್ಕೆಂಟು ಚುಕ್ಕಿಗಳ ಚೌಕದಲ್ಲಿ ನಮಗೆ ಬೇಕಾದ ಆಕಾರವನ್ನು ಬರೆದುಕೊಳ್ಳಬಹುದಿತ್ತು. ಸಾಲಿನ ಎಂಟು ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿದರೆ ಸಾಲಿಗೊಂದು ಸಂಖ್ಯೆ, ಚೌಕಕ್ಕೆ ಎಂಟು ಸಂಖ್ಯೆ. ದ್ವಿಮಾನ ಪದ್ಧತಿಯನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಹೇಳಿದ್ದರೂ ಹುಡುಗರ ತಲೆಗೆ ಹತ್ತಿರಲಿಲ್ಲ. ಚುಕ್ಕಿ ರಂಗೋಲಿಯಂತಹ ಈ ಆಟ ಹತ್ತಿಸಿತು.

ಇಂಗ್ಲಿಷ್ ಅಕ್ಷರಕ್ಕೆ ಒಂದು ಚೌಕ ಸಾಕು. ನಮ್ಮ ತಲೆಕಟ್ಟು, ಕೊಂಬು, ಐತ್ವಗಳಿಗೆ ಎಲ್ಲಿಯ ಜಾಗ? ಯಂತ್ರ ನಮಗೆಂದು ಬಿಟ್ಟಿದ್ದುದು 32 ಚೌಕ. ಹುಡುಗ ಗ್ರಾಫ್ ಪುಸ್ತಕದಲ್ಲಿ ಬರೆದು, ಅಳಿಸಿ, ‘ಮೈ’ಗೆ ಆರು, ‘ಸೂ’ಗೆ ಆರು, ‘ರು’ವಿಗೆ ನಾಲ್ಕು ಚೌಕಗಳೆಂದು ನಿಶ್ಚಯಿಸಿದ. ಒಟ್ಟು 128 ಸಂಖ್ಯೆಗಳು. ಒಂದೆಡೆ 46ರ ಬದಲು 64 ಆಗಿ ‘ಸೂ’ವಿನ ಹೊಟ್ಟೆಯಲ್ಲಿ ಕೂದಲು ಬೆಳೆದಿತ್ತು, ಯಂತ್ರದಲ್ಲೇ ಅದನ್ನು ತಿದ್ದಿದ. ಪರದೆಯ ಮೇಲೆ ‘ಮೈಸೂರು’ ಒಂದೊಂದೇ ಅಕ್ಷರವಾಗಿ ಮೂಡಿ ಬಲಕ್ಕೆ ಸರಿದಾಗ ನಾವಿಬ್ಬರೂ ಮಾತಾಡಲಿಲ್ಲ.

ಪ್ರೋಗ್ರಾಮನ್ನು ಉಳಿಸುತ್ತಿದ್ದುದು ಸಾಧಾರಣ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ. ಬೇಸಿಗೆ ರಜೆಯಲ್ಲಿ ಕೋಣೆಗೆ ಬೀಗ ಬೀಳುವುದೆಂದು ಅವನು ಕ್ಯಾಸೆಟ್ಟನ್ನೂ ಪುಸ್ತಕವನ್ನೂ ನನ್ನ ಕೈಗಿತ್ತ. ಅದೇ ರಜೆಯಲ್ಲಿ ಮನೆಗೆ ನೆಂಟರು ಬಂದಿದ್ದರು. ರಾತ್ರಿ ಊಟವಾದ ಮೇಲೆ ಅಮ್ಮ ದೇವರನಾಮಗಳನ್ನು ಹಾಡಲಾರಂಭಿಸಿದರು. ಹಾಡಿ ಎಂದರೆ ಹಾಡುವವರಲ್ಲ ಅವರು. ಅವಸರದಲ್ಲಿ ಮೇಜಿನ ಖಾನೆಯಿಂದ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಹಾಕಿ ಧ್ವನಿಮುದ್ರಿಸಿಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಅದು ಅವನದು.

ಜೂನಿನಲ್ಲಿ ಅವನು ಕೇಳಿದಾಗ, “ಬೂಷ್ಟು ಹಿಡಿದು ಹಾಳಾಯಿತಪ್ಪಾ” ಎಂದೆ. ಸುಳ್ಳು. “ಪರವಾಗಿಲ್ಲ ಸಾರ್” ಎಂದ. ಪುಸ್ತಕ ಹಿಂದಿರುಗಿಸಲು ಹೋದರೆ, “ನಿಮ್ಮ ಹತ್ತಿರವೇ ಇರಲಿ ಸಾರ್” ಎಂದ. ಆಮೇಲೆ ಆ ಕೋಣೆಗೆ ಪಾಠದ ಹೊತ್ತಿನ ಹೊರತು ಬರಲಿಲ್ಲ. 1998ರಲ್ಲಿ ‘ಬರಹ’ ತಂತ್ರಾಂಶ ಬಂದು ಕನ್ನಡವನ್ನು ನಾನೂ ಬೆರಳಚ್ಚಿಸಲು ಕಲಿತಾಗ, ಮೊದಲು ಬರೆದ ಪದ ಯಾವುದೆಂದು ನೀವು ಊಹಿಸಬಲ್ಲಿರಿ.

ಆ ಕ್ಯಾಸೆಟ್ ಇನ್ನೂ ಇದೆ. ಅಮ್ಮ ಮರುವರ್ಷವೇ ತೀರಿಕೊಂಡರು; ಅವರ ಧ್ವನಿ ನಮ್ಮಲ್ಲಿರುವುದು ಅದೊಂದರಲ್ಲೇ. ಆದ್ದರಿಂದ ಅಂದು ನಾನು ಹಾಗೆ ಮಾಡಬಾರದಿತ್ತು ಎನ್ನಲು ಇಂದಿಗೂ ನನ್ನ ನಾಲಿಗೆ ಏಳುವುದಿಲ್ಲ. ಸುಳ್ಳು ಹೇಳಬಾರದಿತ್ತು, ಅಷ್ಟನ್ನು ಹೇಳಬಲ್ಲೆ.

ಆ ಹಳೆಯ ಯಂತ್ರವನ್ನು ಯಥಾವತ್ತಾಗಿ ಅನುಕರಿಸುವ ತಂತ್ರಾಂಶ ಈಗ ಅಂತರಜಾಲದಲ್ಲಿ ಸಿಗುತ್ತದೆ. ಕಳೆದ ದಸರಾ ರಜೆಗೆ ಬಂದ ಮೊಮ್ಮಗಳು ಅದನ್ನು ತೆರೆದುಕೊಟ್ಟಳು. ಗ್ರಾಫ್ ಪುಸ್ತಕ ಹಿಡಿದು ನಾನು ಓದಿದೆ, ಅವಳು ಒತ್ತಿದಳು. ‘ಮೈಸೂರು’ ಮೂಡಿತು, ‘ಸೂ’ವಿನ ಹೊಟ್ಟೆಯಲ್ಲಿ ಕೂದಲಿನ ಸಮೇತ, ಪುಸ್ತಕದಲ್ಲಿ ಅದು ಇನ್ನೂ 64 ಆಗಿಯೇ ಉಳಿದಿದೆ. ಅವಳು ತಿದ್ದಲು ಹೋದಳು, ಬೇಡವೆಂದೆ.

ಪುಸ್ತಕ ನನ್ನ ಮೇಜಿನ ಅದೇ ಖಾನೆಯಲ್ಲಿದೆ. ಮೈಸೂರಿಗೆ ಬಂದಾಗ ಮನೆಗೆ ಬಾರಪ್ಪಾ.